ಸೊಸೆ ಆರಿಸಿ ತಂದ ರಿಸೀವರ್

ನನ್ನ ಸೊಸೆ ಈಗ ನಮ್ಮ ಮನೆಗೆ ಏನನ್ನೂ ಆರಿಸುವುದಿಲ್ಲ. ಫ್ರಿಜ್ ಕೆಟ್ಟಿತು, ಯಾವುದು ತರೋಣ ಎಂದು ಕೇಳಿದರೆ "ನೀವ ನೋಡ್ರಿ ಅತ್ತಿ" ಎನ್ನುತ್ತಾಳೆ. ತನ್ನ ಮಗಳಿಗೆ ಸೈಕಲ್ ಕೊಡಿಸುವ ದಿನ ಅಂಗಡಿಯ ಹೊರಗೇ ನಿಂತಿದ್ದಳು. ಅವಳ ಕನ್ನಡಕದ ಫ್ರೇಮನ್ನು ಕೂಡ ನನ್ನ ಮಗನೇ ಆರಿಸಿದ. ಅದು ಅವಳ ಮುಖಕ್ಕೆ ಒಪ್ಪುವುದಿಲ್ಲ, ಆದರೂ ಅದನ್ನೇ ಹಾಕಿಕೊಂಡು ಓಡಾಡುತ್ತಾಳೆ. ಮೊದಲು ಅವಳು ಹೀಗಿರಲಿಲ್ಲ. ಹೀಗಾದದ್ದು ನನ್ನಿಂದ. ಇದನ್ನು ಸುತ್ತಿ ಬಳಸಿ ಹೇಳಿ ಉಪಯೋಗವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮ ಮನೆ ಸಂಡೂರಿನಲ್ಲಿದೆ. ನಮ್ಮ ಮನೆಯವರು ಗಣಿಯಲ್ಲಿ ಅದಿರು ಪುಡಿ ಮಾಡುವ ಮಿಷನ್ನಿನ ಹತ್ತಿರ ದುಡಿದು, ಎದೆಯಲ್ಲಿ ಧೂಳು ತುಂಬಿಕೊಂಡು ಹೋದರು. ಒಬ್ಬನೇ ಮಗ. ಅವನು ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸ ಮಾಡುತ್ತಾನೆ. ಸೊಸೆ ಕುರೆಕುಪ್ಪದ ಕಡೆಯವಳು, ಡಿಪ್ಲೊಮಾ ಮಾಡಿದವಳು, ಉಕ್ಕಿನ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಇದ್ದಾಳೆ. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಇಳಿಯುತ್ತಾಳೆ. ನಾನು ಓದಿದ್ದು ನಾಲ್ಕನೇ ತರಗತಿ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ, ಅಷ್ಟೇ. ಸೊಸೆ ದುಡಿಯಲು ಹೋಗುವುದು ನನಗೆ ಬೇಸರದ ವಿಷಯವಾಗಿರಲಿಲ್ಲ. ಮಿಷನ್ನುಗಳ ವಿಷಯದಲ್ಲಿ ಅವಳ ಮಾತು ನನ್ನ ಮಾತಿಗಿಂತ ಮೇಲೆ ಹೋಗುವುದು ಮಾತ್ರ ಬೇಸರದ್ದಾಗಿತ್ತು. ಆಗ ಇದು ನನಗೆ ತಿಳಿದಿರಲಿಲ್ಲ, ಈಗ ತಿಳಿದಿದೆ.

ಒಂದು ದಿನ ಊಟಕ್ಕೆ ಕುಳಿತಾಗ ಅವಳು ಹೋಂ ಥಿಯೇಟರಿನ ಮಾತು ತೆಗೆದಳು.

"ಟಿವಿ ಐತಲ್ಲ, ಅದರಾಗ ಮಾತು ಬರ್ತೈತಲ್ಲ. ಮತ್ತೇನು ಬೇಕು?" ಎಂದು ಕೇಳಿದೆ.

"ಮಾತು ಎಲ್ರಿ ತಿಳಿತೈತಿ? ಹಿಂದ ಡಬಡಬ ಅಂತ ಬಡೀತಾರ, ಮಾತು ಒಳಗ ಮುಚ್ಚಿ ಹೋಗ್ತೈತಿ. ನೀವ ಎಷ್ಟು ಸಲ ಕೇಳ್ತೀರಿ, ಏನಂದ್ಲು ಏನಂದ್ಲು ಅಂತ."

"ಅದು ನನ್ನ ಕಿವಿ ತಪ್ಪು."

"ಕಿವಿ ತಪ್ಪಲ್ರಿ ಅತ್ತಿ, ಟಿವಿ ತಪ್ಪು. ನಾನು ದಿನಪೂರ್ತಿ ಕಾರ್ಖಾನ್ಯಾಗ ಸದ್ದು ಕೇಳ್ತೀನಿ. ಮನಿಗೆ ಬಂದ ಮ್ಯಾಲ ಒಂದು ತಾಸರ ಧ್ವನಿ ಕೇಳಬೇಕು ಅಂತ ಆಸಿ."

ಅವಳು ಮದುವೆಯಾಗಿ ಬಂದು ಹತ್ತು ವರ್ಷವಾಗಿತ್ತು. ತನಗೆ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಮಗ ತಲೆ ಎತ್ತದೆ ರೊಟ್ಟಿ ಮುರಿಯುತ್ತಾ "ತಗೊಂಡರಾತು ಬಿಡು, ನೀನ ನೋಡು" ಎಂದ.

ಅವಳು ನೋಡತೊಡಗಿದಳು. ಎಷ್ಟು ನೋಡಿದಳೆಂದರೆ, ನಮ್ಮ ಮನೆಯಲ್ಲಿ ಹೆಣ್ಣು ನೋಡುವಾಗಲೂ ಇಷ್ಟು ವಿಚಾರ ಮಾಡಿರಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಅದರಲ್ಲಿ ಸ್ಕೇಲಿಟ್ಟು ಗೆರೆ ಎಳೆದಳು. ಒಂದು ಸಾಲಿನಲ್ಲಿ ಕಂಪನಿ, ಒಂದರಲ್ಲಿ ವಾಟ್ಸು, ಒಂದರಲ್ಲಿ ಎಷ್ಟು ಸ್ಪೀಕರ್ ನಡೆಸುತ್ತದೆ, ಹಿಂದೆ ಎಷ್ಟು ತೂತು, ಕೆಟ್ಟರೆ ರಿಪೇರಿಗೆ ಯಾವ ಊರಿಗೆ ಒಯ್ಯಬೇಕು. ಭಾನುವಾರ ಬಟ್ಟೆ ಒಣಹಾಕಿ ಬಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕುಳಿತರೆ ಫೋನಿನಲ್ಲಿ ಯಾರೋ ಹೇಳುವುದನ್ನು ಕೇಳುತ್ತಾ ಬರೆಯುವಳು. ಕಾರ್ಖಾನೆಯಲ್ಲಿ ಇಂಥದ್ದು ಇಟ್ಟುಕೊಂಡವರ ಮನೆಗೆ ಹೋಗಿ ಕೇಳಿ ಬರುವಳು. ನಾಲ್ಕು ತಿಂಗಳು ಇದೇ ನಡೆಯಿತು.

ನಾನು ಸುಮ್ಮನಿರಲಿಲ್ಲ. "ಪರೀಕ್ಷಾ ಯಾವಾಗವ್ವ? ಹಾಲ್ ಟಿಕೆಟ್ ಬಂತಾ?" ಎಂದು ಚುಚ್ಚುತ್ತಿದ್ದೆ. ಅವಳು ನಗುತ್ತಿದ್ದಳು. ಆಗ ಅವಳಿಗೆ ನನ್ನ ಮಾತು ತಾಗುತ್ತಿರಲಿಲ್ಲ, ಅಷ್ಟು ಖುಷಿಯಲ್ಲಿದ್ದಳು.

ರಿಸೀವರ್ ಎಂದರೇನು ಎಂದು ಅವಳೇ ನನಗೆ ತಿಳಿಸಿ ಹೇಳಿದ್ದಳು. ಟಿವಿಯ ಸದ್ದೆಲ್ಲ ಮೊದಲು ಆ ಕರಿ ಡಬ್ಬಿಗೆ ಬರುತ್ತದೆ. ಅದು ಪಂಕ್ತಿಯಲ್ಲಿ ಬಡಿಸುವವಳಂತೆ. ಯಾರಿಗೆ ಏನು, ಎಷ್ಟು ಎಂದು ನೋಡಿ ಹಾಕುತ್ತದೆ. ಮಾತನ್ನು ನಡುವಿನ ಸ್ಪೀಕರಿಗೆ, ಹಾಡನ್ನು ಎಡಬಲದವಕ್ಕೆ, ಗಾಳಿ ಮಳೆ ಹೆಜ್ಜೆ ಸಪ್ಪಳವನ್ನು ಬೆನ್ನ ಹಿಂದಿನವಕ್ಕೆ, ಗುಡುಗನ್ನು ನೆಲದ ಮೇಲಿನ ದೊಡ್ಡ ಪೆಟ್ಟಿಗೆಗೆ. "ಸ್ಪೀಕರ್ ಎಂಥಾವರ ಇರಲ್ರಿ ಅತ್ತಿ, ಬಡಸಾಕಿ ಶಾಣ್ಯಾ ಇರಬೇಕು" ಎಂದಿದ್ದಳು. ನನಗೆ ಆ ಮಾತು ಹಿಡಿಸಿತು. ಹಿಡಿಸಿತೆಂದು ಅವಳಿಗೆ ಹೇಳಲಿಲ್ಲ.

ಬಾಡಿಗೆ ಜೀಪು ಮಾಡಿಕೊಂಡು ಹೊಸಪೇಟೆಗೆ ನಾವು ಮೂವರೂ ಹೋದೆವು. ಮೊದಲ ಎರಡು ಅಂಗಡಿಯಲ್ಲಿ ಅವಳಿಗೆ ಬೇಕಾದದ್ದು ಇರಲಿಲ್ಲ. ಮೂರನೆಯದು ಮೂರಂತಸ್ತಿನ ಅಂಗಡಿ. ಅಲ್ಲಿನ ಮಾಲೀಕ ಗಿಡ್ಡ ಮನುಷ್ಯ, ಮಾತು ಭಾಳ. ಅವಳು ಏನು ಕೇಳಿದರೂ ನನ್ನ ಮಗನ ಮುಖ ನೋಡಿ ಉತ್ತರ ಕೊಡುತ್ತಿದ್ದ.

"ಸರ್, ಇಷ್ಟೆಲ್ಲ ಯಾಕ್ರಿ? ಸೌಂಡ್‌ಬಾರ್ ಒಯ್ರಿ, ಟಿವಿ ಕೆಳಗ ಇಡ್ರಿ, ಮುಗೀತು."

"ನನಗೇನೂ ತಿಳಿಯಂಗಿಲ್ಲಣ್ಣ. ಅಕಿನ್ನ ಕೇಳು" ಎಂದ ಮಗ.

"ಮೇಡಂ, ರಿಸೀವರ್ ಅಂದ್ರ ವೈರ್ ಭಾಳ. ಮನ್ಯಾಗ ಹೆಂಗಸ್ರು ಬಯ್ತಾರ."

"ಮನ್ಯಾಗ ಹೆಂಗಸು ನಾನ ರೀ" ಎಂದಳು ಇವಳು. "ನೀವು ಹಚ್ರಿ."

ಅವನು ಹಚ್ಚಿದ. ಗಿರಾಕಿ ಹೆದರಲಿ ಎಂದೋ ಏನೋ, ಗಾಜು ನಡುಗುವಷ್ಟು ಜೋರು ಇಟ್ಟ. ಇವಳು ಕೈ ಅಡ್ಡ ಮಾಡಿ "ಕಡಿಮಿ ಮಾಡ್ರಿ" ಎಂದಳು. ಕಡಿಮೆ ಮಾಡಿದ. "ಇನ್ನೂ." ಮತ್ತೆ ಮಾಡಿದ. "ಇನ್ನೂ ಸಣ್ಣಗ."

"ಮೇಡಂ, ಇದಕ್ಕಿಂತ ಸಣ್ಣಗ ಮಾಡಿದ್ರ ಬಂದ್ ಆಗ್ತೈತಿ."

"ಜೋರಿಟ್ರ ಎಲ್ಲಾ ಡಬ್ಬಿನೂ ಚಂದ ಕೇಳ್ತಾವ್ರಿ. ಸಣ್ಣಗ ಇಟ್ಟಾಗ ಮಾತು ತಿಳಿಬೇಕು. ನಮ್ಮನ್ಯಾಗ ಮಗಳು ಓದಕೋತ ಇರ್ತಾಳ, ಅತ್ತಿಯವ್ರು ಮಕ್ಕೊಂಡಿರ್ತಾರ."

ಆಮೇಲೆ ಅವಳು ಅಂಗಡಿಯ ನಡುವೆ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕುಳಿತಳು. ಹತ್ತು ಮಂದಿ ಓಡಾಡುವ ಜಾಗದಲ್ಲಿ ಹೆಂಗಸು ಕಣ್ಣು ಮುಚ್ಚಿ ಕುಳಿತದ್ದು ನೋಡಿ ನನಗೆ ನಾಚಿಕೆಯಾಗಿ, ಆ ಕಡೆ ತಿರುಗಿ ವಾಷಿಂಗ್ ಮಿಷನ್ ನೋಡುತ್ತಾ ನಿಂತೆ. ಒಂದಾದ ಮೇಲೆ ಒಂದು ಮೂರು ರಿಸೀವರ್ ಹಚ್ಚಿಸಿದಳು. ಕಣ್ಣು ಮುಚ್ಚಿಕೊಂಡೇ "ಎರಡನೇದು" ಎಂದಳು. ಆ ಗಿಡ್ಡ ಮನುಷ್ಯ ಮೊದಲ ಸಲ ಅವಳ ಮುಖ ನೋಡಿ "ನೀವು ಈ ಲೈನಿನಾಗ ಇದ್ದೀರೇನ್ರಿ ಮೇಡಂ?" ಎಂದು ಕೇಳಿದ. ಅವಳ ಬೋನಸ್ಸಿನ ದುಡ್ಡಿನಲ್ಲಿ ಅದನ್ನೇ ಸ್ಪೀಕರುಗಳ ಸಮೇತ ಕೊಂಡೆವು.

ಡಬ್ಬಿ ಜೀಪಿನಲ್ಲಿ ಇಟ್ಟ ಮೇಲೆ ನಾನು ಹಂಪಿಗೆ ಹೋಗಲೇಬೇಕು ಎಂದೆ. ನಮ್ಮ ಮನೆಗೆ ಯಾವ ಹೊಸ ಮಿಷನ್ ಬಂದರೂ ದೇವರ ಮುಂದೆ ಇಟ್ಟೇ ಒಳಗೆ ತರುವುದು. ಮಗ ಗೊಣಗಿದ. ಸೊಸೆ "ಹೋಗೂಣ ಬಿಡ್ರಿ, ದೇವ್ರ ಕಿವಿಗೂ ಬೀಳಲಿ" ಎಂದು ನಕ್ಕಳು. ಗುಡಿಯಲ್ಲಿ ಪೂಜಾರಿ ಡಬ್ಬಿಯನ್ನು ತಿರುಗಿಸಿ ನೋಡಿ "ಮಿಕ್ಸರ್ ಏನವ್ವ?" ಎಂದ. "ಬಡಸಾಕಿ ರೀ" ಎಂದಳು ಸೊಸೆ. ಅವನಿಗೆ ತಿಳಿಯಲಿಲ್ಲ, ವಿಭೂತಿ ಹಚ್ಚಿ ಕೊಟ್ಟ. ಅವತ್ತು ನಾವು ಮೂವರೂ ಒಂದೇ ಮಾತಿಗೆ ನಕ್ಕೆವು. ಅಂಥ ದಿನ ಆಮೇಲೆ ಬರಲಿಲ್ಲ.

ಮನೆಯಲ್ಲಿ ಅವಳೇ ವೈರ್ ಎಳೆದಳು, ಅವಳೇ ಸ್ಟೂಲ್ ಹತ್ತಿ ಮೊಳೆ ಹೊಡೆದಳು. ಮೊದಲ ಸಂಜೆ ಹಚ್ಚಿದಾಗ ಬೆನ್ನ ಹಿಂದೆ ಯಾರೋ ಬಾಗಿಲು ತೆಗೆದು ಒಳಗೆ ಬಂದ ಸಪ್ಪಳವಾಯಿತು. ನಾನು ಸೆರಗು ಸರಿಮಾಡಿಕೊಂಡು ತಿರುಗಿದೆ. ಯಾರೂ ಇರಲಿಲ್ಲ. ಮೊಮ್ಮಗಳು ಚಪ್ಪಾಳೆ ತಟ್ಟಿ ನಕ್ಕಳು. ನನಗೆ ಸಿಟ್ಟು ಬಂತು. ಆದರೆ ನಿಜ ಹೇಳುತ್ತೇನೆ, ಆ ದಿನದಿಂದ ಧಾರಾವಾಹಿಯಲ್ಲಿ ಅತ್ತವರ ಮಾತೂ ನನಗೆ ತಿಳಿಯಿತು. ಏನಂದ್ಲು ಎಂದು ಕೇಳುವುದು ತಪ್ಪಿತು.

ಧೂಳಿನ ಮಾತು ಈಗ ಹೇಳಬೇಕು. ಸಂಡೂರಿನ ಧೂಳು ಬೇರೆ ಊರಿನ ಧೂಳಲ್ಲ. ಕೆಂಪಗೆ, ನುಣ್ಣಗೆ, ಒರೆಸಿದ ಅರಿವೆಯಿಂದ ಮತ್ತೆ ಹೋಗುವುದಿಲ್ಲ. ಈಗ ಲಾರಿ ಮೊದಲಿನಷ್ಟು ಇಲ್ಲ, ಆದರೂ ಬೆಳಿಗ್ಗೆ ಗುಡಿಸಿದ ಕಟ್ಟೆ ಸಂಜೆಗೆ ಕೆಂಪಾಗಿರುತ್ತದೆ. ನಮ್ಮ ಓಣಿಯಲ್ಲಿ ಪ್ರತಿಯೊಂದಕ್ಕೂ ಬಟ್ಟೆ ಹೊದಿಸಿ ಇಡುತ್ತೇವೆ. ಟಿವಿಗೆ ಬಟ್ಟೆ, ಮಿಕ್ಸರಿಗೆ ಬಟ್ಟೆ, ಹೊಲಿಗೆ ಮಿಷನ್ನಿಗೆ ಬಟ್ಟೆ. ಗಂಡನನ್ನು ಧೂಳು ತಿಂದದ್ದನ್ನು ಕಣ್ಣಾರೆ ನೋಡಿದವಳು ನಾನು. ಇಷ್ಟು ದುಡ್ಡಿನ ಡಬ್ಬಿಯನ್ನು ಬರಿ ಮೈಯಲ್ಲಿ ಬಿಡುತ್ತೇನೆಯೇ? ಲಂಬಾಣಿ ಕಸೂತಿಯ ಹಳೆ ತುಂಡು ಒಂದಿತ್ತು, ಕನ್ನಡಿ ಹೊಲಿದದ್ದು, ದಪ್ಪಗಿತ್ತು. ಅದಕ್ಕೆ ಒಳಗೆ ಅಸ್ತರು ಕೊಟ್ಟು, ನಾಲ್ಕೂ ಕಡೆ ಇಳಿಬೀಳುವಂತೆ ಮೂರು ದಿನ ಕುಳಿತು ಹೊಲಿದೆ.

ಸೊಸೆ ಕೆಲಸದಿಂದ ಬಂದು ನೋಡಿದಳು. ಮೊದಲು "ಭಾಳ ಚಂದ ಐತ್ರಿ" ಎಂದಳು. ಆಮೇಲೆ ಮೆಲ್ಲಗೆ ತೆಗೆದಳು.

"ಇದಕ್ಕ ಬಟ್ಟಿ ಹಾಕಬ್ಯಾಡ್ರಿ ಅತ್ತಿ. ಮ್ಯಾಲಿನ ತೂತಿನಾಗಿಂದ ಬಿಸಿ ಹೊರಗ ಹೋಗಬೇಕು."

"ಬಿಸಿ ಹೋಗೂ ತೂತಿನಾಗ ಧೂಳು ಬರಂಗಿಲ್ಲೇನು?"

"ಬಂದ್ರ ಬರಲಿ. ವಾರಕ್ಕೊಮ್ಮಿ ನಾನ ಸ್ವಚ್ಛ ಮಾಡ್ತೀನಿ."

"ಧೂಳಂದ್ರೇನಂತ ನಿನಗ ಗೊತ್ತಿಲ್ಲವ್ವ. ನನ್ನ ಕೇಳು."

"ಗೊತ್ತೈತ್ರಿ. ಆದ್ರ ಇದು ಧೂಳಿನಿಂದ ಸಾಯಂಗಿಲ್ಲ. ಹೊಚ್ಚಿದ್ರ ಸಾಯ್ತೈತಿ."

ಬಟ್ಟೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ಮೂರು ದಿನದ ಹೊಲಿಗೆ. ನಾನು ಒಳಗೆ ಹೋಗಿ ಟ್ರಂಕಿನ ಮೇಲೆ ಇಟ್ಟೆ. ಮರುದಿನ ಅವಳ ಬಸ್ಸು ಹೋದ ಮೇಲೆ ತಂದು ಡಬ್ಬಿಗೆ ಹೊದಿಸಿದೆ.

ಮಧ್ಯಾಹ್ನ ಹಿಂದಿನ ದಿನದ ಧಾರಾವಾಹಿಗಳನ್ನು ಮತ್ತೆ ಹಾಕುತ್ತಾರೆ. ಊಟ ಮಾಡಿ ಅವನ್ನು ನೋಡುವುದು ನನ್ನ ರೂಢಿ. ಬಟ್ಟೆ ತೆಗೆಯದೆಯೇ ಹಚ್ಚುತ್ತಿದ್ದೆ. ಎರಡೂವರೆ ಮೂರು ತಾಸು ಅದು ಹಾಗೇ ಓಡುತ್ತಿತ್ತು. ಐದು ಗಂಟೆಗೆ ಬಟ್ಟೆ ತೆಗೆದು ಮಡಿಚಿ ಟ್ರಂಕಿನ ಮೇಲೆ ಇಡುತ್ತಿದ್ದೆ. ಆರಕ್ಕೆ ಅವಳು ಬರುತ್ತಿದ್ದಳು. ಕೆಲವು ಸಲ ನಡುವೆ ತಾನೇ ಆರಿಹೋಗುತ್ತಿತ್ತು. ಕೈ ಇಟ್ಟರೆ ಹಂಚು ಕಾದ ಹಾಗೆ ಇರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದರೆ ಹತ್ತುತ್ತಿತ್ತು. ಕರೆಂಟಿನದೇ ತಪ್ಪು ಎಂದುಕೊಂಡೆ. ಸೊಸೆಗೆ ಹೇಳಿದರೆ ಬಟ್ಟೆಯ ಮಾತು ಬರುತ್ತದೆ, ಅದಕ್ಕೆ ಹೇಳಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ. ವರ್ಷದ ಮೇಲೆ ಎರಡು ತಿಂಗಳು ಹೀಗೇ ಮಾಡಿದೆ.

ಬೇಸಿಗೆಯಲ್ಲಿ ಒಂದು ಸಂಜೆ ಅವಳು ಹಚ್ಚಿದ ಕೂಡಲೇ ಸುಟ್ಟ ವಾಸನೆ ಬಂತು. ಟಿವಿಯಲ್ಲಿ ಬಾಯಿ ಆಡುತ್ತಿತ್ತು, ಮಾತಿರಲಿಲ್ಲ. ಅವಳು ವೈರ್ ತೆಗೆದು ಹಾಕಿದಳು, ಪ್ಲಗ್ ಬದಲಿಸಿದಳು, ನೆಲದ ಮೇಲೆ ಕುಳಿತು ಟಾರ್ಚ್ ಹಿಡಿದು ನೋಡಿದಳು. ಗ್ಯಾರಂಟಿ ಮುಗಿದು ಎರಡೇ ತಿಂಗಳಾಗಿತ್ತು. ಮಗ "ನಾನು ಅವತ್ತ ಅಂದಿದ್ದೆ, ಸೌಂಡ್‌ಬಾರ್ ಸಾಕು ಅಂತ" ಎಂದ. ಅವನು ಹಾಗೆ ಅಂದಿರಲಿಲ್ಲ, ಅಂದವನು ಅಂಗಡಿಯವನು. ಅವಳು ತಿದ್ದಲಿಲ್ಲ.

ಅವಳಿಗೆ ರಜೆ ಇರಲಿಲ್ಲ. ಹೊಸಪೇಟೆಯಲ್ಲಿ ಹಿಂದೆ ರೇಡಿಯೋ, ಮೈಕ್ ಸೆಟ್ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು ಇದ್ದಾರೆ, ಅವರ ಹತ್ತಿರ ಮಗ ಮತ್ತು ನಾನು ಒಯ್ದೆವು. ನಮ್ಮನ್ನು ಕುಂದ್ರಿಸಿ ಅವರು ಸ್ಕ್ರೂ ಬಿಚ್ಚತೊಡಗಿದರು. ಮಗ ಚಹಾ ಹೇಳಿ ಬರುತ್ತೇನೆ ಎಂದು ಹೊರಗೆ ಹೋದ.

ಮುಚ್ಚಳ ತೆಗೆದು ಒಳಗೆ ಊದಿ, ಅವರು ಕನ್ನಡಕ ಏರಿಸಿಕೊಂಡರು. ಒಳಗಿನ ಬೋರ್ಡು ಒಂದು ಕಡೆ ಕಂದಾಗಿ ಸೀದಿತ್ತು. ಚಿಮುಟದಿಂದ ಮುಚ್ಚಳದ ತೂತಿನೊಳಗಿನಿಂದ ಏನನ್ನೋ ಎಳೆದು ಬಿಳಿ ಕಾಗದದ ಮೇಲೆ ಇಟ್ಟರು. ಕೆಂಪು ದಾರ, ನೀಲಿ ದಾರ, ಹತ್ತಿಯ ನಾರು.

"ಇದರ ಮ್ಯಾಲ ಏನು ಹೊಚ್ಚತಿದ್ರೆವ್ವ?"

"ಏನೂ ಇಲ್ರಿ."

ಅವರು ದಾರವನ್ನು ನೋಡಿದರು, ನನ್ನನ್ನು ನೋಡಿದರು.

"ಧೂಳು ಇಲ್ಲ ಇದರಾಗ. ಯಾರೋ ಚಲೋ ಸ್ವಚ್ಛ ಇಟ್ಟಾರ. ಮಾಲೂ ಮಸ್ತ್ ಐತಿ, ನೋಡಿ ತಂದಾರ. ಇದು ಉಸಿರು ಕಟ್ಟಿ ಸತ್ತೈತಿ. ಈ ಬೋರ್ಡ್ ಈಗ ಸಿಗಂಗಿಲ್ಲ."

ನಮ್ಮ ಮನೆಯವರ ಕೊನೆಯ ತಿಂಗಳುಗಳು ನನಗೆ ನೆನಪಾದವು. ಅದನ್ನು ಅವರಿಗೆ ಹೇಳುವ ಅಗತ್ಯವಿರಲಿಲ್ಲ.

ಮಗ ಚಹಾ ಹಿಡಿದುಕೊಂಡು ಒಳಗೆ ಬಂದ. "ಏನಂತ?" ಎಂದು ಕೇಳಿದ.

"ಮಾಲ ಸರಿ ಇಲ್ಲಂತ" ಎಂದೆ.

ಎಷ್ಟು ಬೇಗ ಹೇಳಿದೆ ಎಂದರೆ ನನಗೇ ಆಶ್ಚರ್ಯವಾಯಿತು. ಆ ಮುದುಕರು ತಲೆ ಎತ್ತಿದರು. ಮುಚ್ಚಳ ಇಟ್ಟು ಒಂದೊಂದೇ ಸ್ಕ್ರೂ ಬಿಗಿದರು. ಚಹಾ ಕುಡಿಯಲಿಲ್ಲ, ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಅವರು ಬೈದಿದ್ದರೆ ಅಲ್ಲೇ ಮುಗಿಯುತ್ತಿತ್ತೇನೋ.

ಯಾಕೆ ಸುಳ್ಳು ಹೇಳಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ದೊಡ್ಡ ಕಾರಣವಿಲ್ಲ. ಆ ಮನೆಯಲ್ಲಿ ನಾನು ಅಷ್ಟು ವರ್ಷ ಬಾಳಿದವಳು. ನಿನ್ನೆ ಮೊನ್ನೆ ಬಂದವಳು ಹೇಳಿದ್ದು ಸರಿಯಾಯಿತು, ನಾನು ಮಾಡಿದ್ದು ತಪ್ಪಾಯಿತು ಎಂದು ಮಗನ ಮುಂದೆ ಒಪ್ಪಿಕೊಳ್ಳಲು ನನಗೆ ಆಗಲಿಲ್ಲ. ಅಷ್ಟೇ.

ಸಂಜೆ ಮಗ ಅವಳಿಗೆ ಹಾಗೇ ಹೇಳಿದ, ಮಾಲು ಸರಿಯಿಲ್ಲವಂತೆ ಎಂದು. ಅವಳು "ಹೌದಾ" ಎಂದಳು. ಸ್ವಲ್ಪ ಹೊತ್ತಿನ ಮೇಲೆ "ಏನು ಹೋಗೈತಂತ? ಯಾವ ಭಾಗ?" ಎಂದು ಕೇಳಿದಳು. ಮಗ ನನ್ನ ಕಡೆ ನೋಡಿದ. "ಅದೆಲ್ಲ ನಮಗೇನು ತಿಳಿತೈತವ್ವ" ಎಂದೆ.

ಇಷ್ಟಕ್ಕೇ ನಿಂತಿದ್ದರೂ ಮನೆಯ ಒಳಗಿನ ಮಾತಾಗಿ ಹಳತಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ.

ನನ್ನ ತವರು ಕಂಪ್ಲಿ. ಅಣ್ಣನದು ಅಕ್ಕಿ ಮಿಲ್ಲು. ಅವನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ನಾವೆಲ್ಲ ಹೋಗಿದ್ದೆವು. ಊಟದ ಹೊತ್ತು, ಹಜಾರದಲ್ಲಿ ಮೂವತ್ತು ಮಂದಿ ಕುಳಿತಿದ್ದರು. ಅಣ್ಣನ ಮಗ ಹೊಸ ಮನೆ ಕಟ್ಟಿಸುತ್ತಿದ್ದ. ಅವನು ನನ್ನ ಸೊಸೆಯನ್ನು ಕೇಳಿದ:

"ಅಕ್ಕಾ, ನೀನು ರಿಸೀವರ್ ತಂದಿದ್ದಿಯಲ್ಲ, ನಮ್ಮ ಹಾಲಿಗೂ ಹಾಕಬೇಕಂತ ಮಾಡೀನಿ. ಯಾವುದು ಚಲೋ, ನೀನ ಹೇಳಬೇಕು."

ಅವಳು ಹುಗ್ಗಿ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲಿ ಇಟ್ಟು ನಿಂತಳು. ಡಬ್ಬಿ ಕೆಟ್ಟ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. "ಮೊದಲು ಎಷ್ಟು ಸ್ಪೀಕರ್ ಇಡ್ತೀ ಅಂತ ಹೇಳು..." ಎಂದು ಶುರು ಮಾಡಿದಳು.

ನಾನು ನಡುವೆ ಬಾಯಿ ಹಾಕಿದೆ. "ಅಕಿನ್ನ ಕೇಳಬ್ಯಾಡಲೇ. ನಾಕು ತಿಂಗಳು ಪರೀಕ್ಷಾಕ್ಕ ಓದಿದಂಗ ಓದಿ ತಂದ್ಲು. ವರ್ಷದಾಗ ಸುಟ್ಟು ಕರಿಕಾತು. ಹೆಣ್ಣುಮಕ್ಳು ಸೀರಿ ಆರಿಸಬೇಕು, ಮಿಷನ್ ಅಲ್ಲ."

ಎಲ್ಲರೂ ನಕ್ಕರು. ಅಣ್ಣ ನಕ್ಕ ನಗೆಗೆ ಅವನಿಗೆ ಕೆಮ್ಮು ಬಂತು. ಸಾಲಿನ ಕೊನೆಯಿಂದ ಯಾರೋ "ಹುಗ್ಗಿ ನೀನ ಮಾಡಿಯೇನವ್ವ? ಮತ್ತ ಸುಟ್ಟೀಯ" ಎಂದರು. ಮತ್ತೊಮ್ಮೆ ನಕ್ಕರು. ನನ್ನ ಮಗನೂ ನಕ್ಕ. ಅವಳು ಸೌಟು ಎತ್ತಿಕೊಂಡು ಮುಂದಿನ ಎಲೆಗೆ ಬಡಿಸಿದಳು.

ಆ ದಾರಗಳನ್ನು ನೋಡಿ ಎರಡು ತಿಂಗಳೂ ಆಗಿರಲಿಲ್ಲ. ಗೊತ್ತಿದ್ದೇ ಹೇಳಿದೆ.

ಆಮೇಲೆ ಕಂಪ್ಲಿಯವರು ಫೋನ್ ಮಾಡಿದಾಗಲೆಲ್ಲ "ಡಬ್ಬಿ ಸುಟ್ಟಾಕಿ ಹೆಂಗದಾಳ?" ಎಂದು ಕೇಳುವುದು ರೂಢಿಯಾಯಿತು. ಅವಳು ಕಂಪ್ಲಿಗೆ ಬರುವುದನ್ನು ಬಿಟ್ಟಳು, ಕೆಲಸದ ನೆಪ ಹೇಳಿದಳು. ಹೊಸ ರಿಸೀವರ್ ಬಗ್ಗೆ ಮಾತೇ ತೆಗೆಯಲಿಲ್ಲ. ಸ್ಪೀಕರುಗಳನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಳು. ಸಂಜೆ ಟಿವಿ ಮುಂದೆ ಕೂರುತ್ತಿದ್ದವಳು ಕೋಣೆಗೆ ಹೋಗತೊಡಗಿದಳು. ಆಮೇಲೆ ಒಂದೊಂದಾಗಿ "ನೀವ ನೋಡ್ರಿ" ಶುರುವಾಯಿತು. ಕುಕ್ಕರಿಗೆ, ಪರದೆಯ ಬಟ್ಟೆಗೆ, ಮೊಮ್ಮಗಳ ಶಾಲೆಯ ಬ್ಯಾಗಿಗೆ. ಕಾರ್ಖಾನೆಯಲ್ಲಿ ಹೊಸ ಮೀಟರುಗಳನ್ನು ಪರೀಕ್ಷೆ ಮಾಡಿ ಆರಿಸುವ ತಂಡಕ್ಕೆ ಅವಳನ್ನು ಕರೆದಿದ್ದರಂತೆ, ಬೇಡವೆಂದಳಂತೆ. ಮಗ ಹೇಳಿದ. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲ ಎನ್ನುವ ಧೈರ್ಯ ನನಗಿಲ್ಲ.

ಎರಡು ವರ್ಷ ಹೀಗೆ ಹೋಯಿತು. ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಅಡಿಗೆ ಮನೆಯಲ್ಲಿ ಅವಳೂ ನಾನೂ ಶೇಂಗಾ ಸುಲಿಯುತ್ತಿದ್ದೆವು. ಅವಳು ಆ ಒಪ್ಪದ ಕನ್ನಡಕವನ್ನು ಮೂಗಿನ ಮೇಲೆ ಮತ್ತೆ ಮತ್ತೆ ಏರಿಸಿಕೊಳ್ಳುತ್ತಿದ್ದಳು. ನೋಡಿ ನೋಡಿ ನನಗೆ ಸಾಕಾಯಿತು.

"ಆ ಡಬ್ಬಿ ಸುಟ್ಟಿದ್ದು ನಿನ್ನಿಂದಲ್ಲ" ಎಂದೆ. "ನೀ ಕೆಲಸಕ್ಕ ಹೋದಮ್ಯಾಲ ನಾನು ಬಟ್ಟಿ ಹೊಚ್ಚತಿದ್ದೆ. ಹೊಚ್ಚಿಕೊಂಡ ಹಚ್ಚತಿದ್ದೆ. ರಿಪೇರಿಯವ್ರು ದಾರ ತಗದು ತೋರಿಸಿದ್ರು. ಮಾಲು ಮಸ್ತ್ ಐತಿ ಅಂದ್ರು. ನಾನು ಸುಳ್ಳು ಹೇಳಿದೆ."

ಅವಳ ಕೈ ನಿಂತಿತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ನಿನಗ ಅನುಮಾನ ಬಂದಿರಲಿಲ್ಲೇನು?" ಎಂದು ಕೇಳಿದೆ.

"ಇಲ್ರಿ" ಎಂದಳು. ಸಿಟ್ಟೇನೂ ಇಲ್ಲದ ಧ್ವನಿ. "ನಾನ ತಪ್ಪು ಆರಿಸೀನಿ ಅಂತ ಮಾಡಿದ್ದೆ. ಆ ನೋಟ್‌ಬುಕ್ ಎಷ್ಟು ಸಲ ತಿರುವಿ ಹಾಕೀನ್ರಿ. ಎಲ್ಲಿ ತಪ್ಪೀನಿ, ಏನು ನೋಡೂದು ಬಿಟ್ಟೀನಿ ಅಂತ. ಸಿಗಲಿಲ್ಲ. ಸಿಗದಿದ್ದಕ್ಕ ನನ್ನ ತಲಿ ಮ್ಯಾಲ ನನಗ ನಂಬಿಕಿ ಹೋತು."

"ತಪ್ಪಾತವ್ವ" ಎಂದೆ. ಆ ಮಾತು ನನ್ನ ಬಾಯಿಂದ ಅವಳಿಗೆ ಹೋದದ್ದು ಅದೇ ಮೊದಲು.

"ಕಂಪ್ಲಿಯಾಗ ಹೇಳಬೇಕಿತ್ರಿ ಅತ್ತಿ" ಎಂದಳು. "ಮೂವತ್ತು ಮಂದಿ ಮುಂದ ಅಂದು, ಇಲ್ಲಿ ಶೇಂಗಾ ಮುಂದ ತಪ್ಪಾತು ಅಂದ್ರ, ಯಾರು ಕೇಳಿದಂಗಾತು?"

ಎದ್ದು ಬೇಳೆಯನ್ನು ತಿರುವಿದಳು. ಆಮೇಲೆ ಮತ್ತೆ ಕುಳಿತು ಶೇಂಗಾ ಸುಲಿದಳು. ನನ್ನ ಮುಂದಿನ ರಾಶಿಯನ್ನೂ ಅವಳೇ ಸುಲಿದಳು.

ಮರುದಿನ ನಾನು ಹೊಸಪೇಟೆಗೆ ಹೋಗಿ ಅಲ್ಲಿಂದ ಕಂಪ್ಲಿ ಬಸ್ಸು ಹತ್ತಿದೆ. ಅಣ್ಣ ಮಿಲ್ಲಿನಿಂದ ಆಗಷ್ಟೇ ಊಟಕ್ಕೆ ಬಂದಿದ್ದ. ಅತ್ತಿಗೆ ಇದ್ದಳು, ಅಣ್ಣನ ಮಗ ಇದ್ದ, ಅವನ ಹೆಂಡತಿ ಇದ್ದಳು. ಅವತ್ತು ಹಜಾರದಲ್ಲಿ ಕುಳಿತಿದ್ದ ಉಳಿದವರನ್ನು ಎಲ್ಲಿಂದ ತರಲಿ? ನಾಲ್ವರ ಮುಂದೆ ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬಟ್ಟೆ, ದಾರ, ಸುಳ್ಳು, ಎಲ್ಲ.

ಅಣ್ಣ ಬಾಯಿಗೆ ಇಟ್ಟ ತುತ್ತು ನುಂಗಿ "ಇದನ್ನ ಹೇಳಾಕ ಸಂಡೂರಿನಿಂದ ಬಂದ್ಯಾ? ನಾನೆಲ್ಲೋ ಯಾರೋ ಸತ್ತರಂತ ಮಾಡಿದೆ" ಎಂದ. ಅತ್ತಿಗೆ "ಡಬ್ಬಿ ಹೊಚ್ಚಿ ಕೊಂದಾಕಿ ನೀನ ಹಂಗಾರ" ಎಂದು ನಕ್ಕಳು. ಅವರು ನಕ್ಕದ್ದು ಈ ಸಲ ನನ್ನನ್ನು ನೋಡಿ. ಆದರೆ ನನಗೆ ಅದು ತಾಗಲಿಲ್ಲ, ನಾನು ಮುದುಕಿ. ನನ್ನನ್ನು ನೋಡಿ ನಕ್ಕರೆ ಹೋಗುವುದೇನು? ಆ ನಗೆ ಅವಳು ಹೊತ್ತ ನಗೆಯ ತೂಕಕ್ಕೆ ಸಮನಾಗಲಿಲ್ಲ.

"ಇನ್ನ ಮ್ಯಾಲ ಯಾರೂ ಅಕಿನ್ನ ಡಬ್ಬಿ ಸುಟ್ಟಾಕಿ ಅನಬ್ಯಾಡ್ರಿ" ಎಂದೆ.

"ಅಯ್ಯ, ಅದು ಚಾಷ್ಟಿಗೆ ಅನ್ನೂದು, ಅಕಿಗೂ ಗೊತ್ತೈತಿ" ಎಂದಳು ಅತ್ತಿಗೆ.

ಅಣ್ಣನ ಮಗನಿಗೆ ಮಾತ್ರ ಸ್ವಲ್ಪ ತಿಳಿಯಿತು ಎಂದು ಕಾಣುತ್ತದೆ. ಈ ಸಲ ಅವನು ನಕ್ಕಿರಲಿಲ್ಲ. ನಡುವೆ ಕೆಲಸ ನಿಂತಿದ್ದ ಅವನ ಹೊಸ ಮನೆ ಈಗ ಮುಗಿಯುತ್ತ ಬಂದಿತ್ತು. "ನಾನ ಅಕ್ಕಗ ಫೋನ್ ಮಾಡಿ ಕೇಳ್ತೀನಿ ಬಿಡ್ರಿ ಅತ್ತಿ" ಎಂದ.

ಮಾಡಿದ. ಎರಡು ದಿನದ ನಂತರ, ಸಂಜೆ ಅವಳು ಕೆಲಸದಿಂದ ಬಂದು ಮುಖ ತೊಳೆದುಕೊಂಡಾಗ. ಅವಳು ನಿಂತುಕೊಂಡೇ ಅವನ ಮಾತು ಪೂರ್ತಿ ಕೇಳಿದಳು. ನಾನು ಬಾಗಿಲ ಹತ್ತಿರ ಕುಳಿತು ಅವಳ ಬಾಯನ್ನೇ ನೋಡುತ್ತಿದ್ದೆ.

"ನನಗೇನೂ ತಿಳಿಯಂಗಿಲ್ಲಪ್ಪ" ಎಂದಳು. "ಅದನ್ನೆಲ್ಲ ಬಿಟ್ಟು ಭಾಳ ದಿನ ಆತು. ಈಗ ಎಲ್ಲಾ ಹೊಸ ಹೊಸಾವು ಬಂದಾವ. ಅಂಗಡ್ಯಾಗ ಕೇಳು, ಅವ್ರು ಹೇಳ್ತಾರ."

ಫೋನನ್ನು ನನ್ನ ಕೈಗೆ ಕೊಟ್ಟು ಅಡಿಗೆ ಮನೆಗೆ ಹೋದಳು. ಅತ್ತ ಅವನು "ಹಲೋ, ಹಲೋ" ಎನ್ನುತ್ತಿದ್ದ. "ತಿಳಿದಾಕಿ ಅಕಿನ" ಎಂದೆ ಅವನಿಗೆ. "ಹೇಳಾಕ ಮನಸ್ಸಿಲ್ಲ. ಮನಸ್ಸು ಕೆಡಿಸಿದಾಕಿ ನಾನು." ಅವಳಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದೆ. ಒಳಗೆ ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು.

ಊಟಕ್ಕೆ ಕುಳಿತೆವು. ಮಗನಿಗೆ ಬಡಿಸಿದಳು, ಮೊಮ್ಮಗಳಿಗೆ ಬಡಿಸಿದಳು. ನನ್ನ ತಟ್ಟೆಗೆ ರೊಟ್ಟಿ ಹಾಕುವಾಗ ನನ್ನ ಮುಖ ನೋಡದೆ ಕೇಳಿದಳು:

"ಅವರ ಹೊಸ ಹಾಲು ಎಷ್ಟು ದೊಡ್ಡದೈತ್ರಿ?"

ಕಂಪ್ಲಿಗೆ ಹೋದ ದಿನ ನಾನು ನೋಡಿ ಬಂದಿದ್ದೆ. "ನಮ್ಮ ಹಾಲು ಎರಡು ಕೂಡಿಸಿದಷ್ಟು" ಎಂದೆ. "ಒಂದು ಕಡಿ ಪೂರ್ತಿ ಗ್ಲಾಸಿನ ಕಿಟಕಿ."

"ಹ್ಞೂಂ" ಎಂದಳು.

ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.